ಅಂಗಡಿಗೆ ಬಂದ ನಿರೋಧ್

ನಿಮ್ಮ ಬೀದಿಯ ಕೊನೆಯಲ್ಲಿ ಒಂದು ದಿನಸಿ ಅಂಗಡಿ ಇರಬಹುದು. ಬೆಂಕಿಪೊಟ್ಟಣ, ಟೀ ಪುಡಿ, ಸಾಬೂನು, ಸಿಗರೇಟು, ಟಾರ್ಚಿನ ಸೆಲ್ಲು, ಇವೆಲ್ಲ ಅಲ್ಲಿ ಸದಾ ಸಿಗುತ್ತವೆ. ಇವು ಎಲ್ಲೆಲ್ಲಿಯೋ ತಯಾರಾದ ಸರಕುಗಳು. ಆದರೂ ಡಾಕ್ಟರು ಕಾಲಿಡದ ಊರಿಗೂ ಇವು ತಪ್ಪದೆ ಹೋಗಿ ಸೇರುತ್ತವೆ. ಆಸ್ಪತ್ರೆಯಿಲ್ಲದ ಹಳ್ಳಿ ನಮ್ಮಲ್ಲಿ ಬೇಕಾದಷ್ಟು ಉಂಟು. ಬೆಂಕಿಪೊಟ್ಟಣ ಸಿಗದ ಹಳ್ಳಿ ಹುಡುಕಿದರೂ ಇಲ್ಲ. ಈ ಸರಳ ಸಂಗತಿಯನ್ನು ಕೆಲವರು ಗಮನವಿಟ್ಟು ನೋಡಿದರು. ಅದರ ಫಲವಾಗಿ ೧೯೬೮ರ ಸೆಪ್ಟೆಂಬರಿನಲ್ಲಿ ಸಾಬೂನು, ಟೀ ಪುಡಿ ಹೊತ್ತುಕೊಂಡು ಹೋಗುವ ಗಾಡಿಗಳಿಗೆ ಇನ್ನೊಂದು ಸರಕನ್ನೂ ಏರಿಸಲಾಯಿತು. ಅದರ ಹೆಸರು ನಿರೋಧ್.

ಮನೆಮಂದಿಯೆಲ್ಲ ಒಟ್ಟಿಗೆ ಕುಳಿತಿರುವ ಹೊತ್ತಿನಲ್ಲಿ ಈ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಒಟ್ಟಿಗೆ ಕುಳಿತಾಗ ಆಡಬಾರದ ಮಾತು ಎಂದು ನಾವು ದೂರವಿಟ್ಟದ್ದರಿಂದಲೇ ಎಷ್ಟೋ ಮನೆಗಳಲ್ಲಿ ಬಾಣಂತಿತನದ ಆಯಾಸ ಆರುವ ಮೊದಲೇ ಇನ್ನೊಂದು ಬಸಿರು ನಿಲ್ಲುತ್ತದೆ. ಆದ್ದರಿಂದ ಸ್ವಲ್ಪ ಹೊತ್ತು ಕೇಳಿ.

ಸಂತಾನ ನಿಯಂತ್ರಣದ ಮಾತು ನಮ್ಮ ನಾಡಿಗೆ ಹೊಸದಲ್ಲ. ಮುಂಬಯಿಯಲ್ಲಿ ಆರ್. ಡಿ. ಕರ್ವೆಯವರು ೧೯೨೧ರಲ್ಲೇ ಇದಕ್ಕಾಗಿ ಒಂದು ಕ್ಲಿನಿಕ್ಕನ್ನು ತೆರೆದಿದ್ದರು. ಮೈಸೂರು ಸಂಸ್ಥಾನದ ಸರ್ಕಾರ ೧೯೩೦ರಲ್ಲಿ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ಕುಗಳನ್ನು ತೆರೆಯಲು ಆಜ್ಞೆ ಮಾಡಿತು. ಒಂದು ಸರ್ಕಾರವೇ ಮುಂದೆ ನಿಂತು ಇಂಥ ಕೆಲಸಕ್ಕೆ ಕೈಹಾಕಿದ್ದು ಆ ದಿನಗಳಲ್ಲಿ ಅಪರೂಪದ ಸಂಗತಿ. ಮುಂದೆ ೧೯೪೯ರಲ್ಲಿ ಭಾರತದ ಕುಟುಂಬ ಯೋಜನಾ ಸಂಘವನ್ನು ಮುಂಬಯಿಯಲ್ಲಿ ಕಟ್ಟಿ ಬೆಳೆಸಿದ ಧನವಂತಿ ರಾಮರಾಯರು ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಸ್ವತಂತ್ರ ಭಾರತ ೧೯೫೨ರಲ್ಲಿ ಕುಟುಂಬ ಯೋಜನೆಯನ್ನು ರಾಷ್ಟ್ರದ ಕಾರ್ಯಕ್ರಮವಾಗಿ ಕೈಗೊಂಡಿತು.

ಆಗ ನಡೆದ ಒಂದು ಪ್ರಯೋಗವನ್ನು ನಿಮಗೆ ಹೇಳಲೇಬೇಕು. ಅದು ನಡೆದದ್ದು ಬೆಂಗಳೂರಿಗೆ ಸಮೀಪದ ರಾಮನಗರದಲ್ಲಿ. ಆಗ ಆರೋಗ್ಯ ಸಚಿವೆಯಾಗಿದ್ದವರು ರಾಜಕುಮಾರಿ ಅಮೃತ್ ಕೌರ್. ಗಾಂಧೀಜಿಯವರ ಅನುಯಾಯಿಯಾದ ಅವರಿಗೆ ಸಾಧನಗಳನ್ನು ಬಳಸುವುದು ಒಪ್ಪಿಗೆಯಿರಲಿಲ್ಲ. ತಿಂಗಳಲ್ಲಿ ಗರ್ಭ ನಿಲ್ಲುವ ಸಂಭವವಿರುವ ದಿನಗಳನ್ನು ಎಣಿಸಿ, ಆ ದಿನಗಳಲ್ಲಿ ದಂಪತಿಗಳು ದೂರವಿರುವ ಕ್ರಮ ಒಂದೇ ಅವರಿಗೆ ಸರಿಯೆನಿಸಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಅಮೆರಿಕದ ಡಾಕ್ಟರ್ ಅಬ್ರಹಾಂ ಸ್ಟೋನ್ ಅವರ ಸಲಹೆಯ ಮೇರೆಗೆ, ೧೯೫೨ರಲ್ಲಿ ದೆಹಲಿಯ ಲೋದಿ ಕಾಲನಿಯಲ್ಲಿಯೂ ರಾಮನಗರದಲ್ಲಿಯೂ ಈ ಕ್ರಮದ ಪರೀಕ್ಷೆ ನಡೆಯಿತು. ಅಕ್ಷರ ಬಾರದ ಹೆಂಗಸರು ದಿನ ಎಣಿಸುವುದು ಹೇಗೆ? ಅದಕ್ಕಾಗಿ ಬೇರೆ ಬೇರೆ ಬಣ್ಣದ ಮಣಿಗಳ ಸರವನ್ನು ಅವರ ಕೈಗೆ ಕೊಟ್ಟರು. ದಿನಕ್ಕೊಂದು ಮಣಿಯನ್ನು ಸರಿಸಬೇಕು. ಒಂದು ಬಣ್ಣ ಬಂದರೆ ಭಯವಿಲ್ಲ, ಇನ್ನೊಂದು ಬಂದರೆ ಎಚ್ಚರ.

ಕೇಳುವುದಕ್ಕೆ ಎಷ್ಟು ಚೆನ್ನ! ಆದರೆ ಮಣಿ ಸರಿಸುವುದನ್ನು ಮರೆತವರೆಷ್ಟೋ. ದೀಪವಿಲ್ಲದ ಮನೆಯಲ್ಲಿ ಕತ್ತಲಾದ ಮೇಲೆ ಬಣ್ಣ ತಿಳಿಯುವ ಬಗೆಯೇನು ಎಂಬ ಪ್ರಶ್ನೆಯೂ ಬಂತು. ಸರವನ್ನು ತಾಯಿತದಂತೆ ಇಟ್ಟುಕೊಂಡರೆ ಸಾಕು, ಅದೇ ಕಾಪಾಡುತ್ತದೆ ಎಂದು ನಂಬಿದವರೂ ಇದ್ದರೆಂದು ಆ ಕಾಲದ ಕೆಲಸವನ್ನು ಕುರಿತು ಬರೆದವರು ಹೇಳುತ್ತಾರೆ. ಆ ಹೆಂಗಸರನ್ನು ನೋಡಿ ನಗುವುದು ಸುಲಭ. ನನಗೇನೋ ನಗು ಬರುವುದಿಲ್ಲ. ಗಂಡನಿಗೆ ‘ಇವತ್ತು ಬೇಡ’ ಎಂದು ಹೇಳುವ ಹಕ್ಕು ಎಷ್ಟು ಮನೆಗಳಲ್ಲಿ ಹೆಂಡತಿಗೆ ಇತ್ತು? ಮಣಿಸರ ಹೆಂಡತಿಯ ಕೈಯಲ್ಲಿ, ನಿರ್ಧಾರ ಗಂಡನ ಕೈಯಲ್ಲಿ. ಪ್ರಯೋಗ ಸೋತದ್ದು ಈ ಗಂಟಿನಲ್ಲಿ ಎಂದೇ ನನ್ನ ಎಣಿಕೆ.

ಕ್ಲಿನಿಕ್ಕಿನ ಕ್ರಮಕ್ಕೂ ಅದರದೇ ತೊಡಕುಗಳಿದ್ದವು. ಹಳ್ಳಿಯಿಂದ ಕ್ಲಿನಿಕ್ಕಿಗೆ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ. ಅಲ್ಲಿ ಒಂದು ರಿಜಿಸ್ಟರು. ಹೆಸರು, ಗಂಡನ ಹೆಸರು, ಊರು, ಮಕ್ಕಳೆಷ್ಟು, ಕಡೆಯ ಮಗುವಿನ ವಯಸ್ಸೆಷ್ಟು ಎಂಬ ವಿಚಾರಣೆ. ಸಾಲಿನಲ್ಲಿ ಕುಳಿತಿರುವ ನೆರೆಮನೆಯಾಕೆಯ ಕಣ್ಣು ಬೇರೆ. ಪಟ್ಟಣದ ಔಷಧದಂಗಡಿಯಲ್ಲಿ ಕೊಳ್ಳೋಣವೆಂದರೆ ಅರುವತ್ತರ ದಶಕದಲ್ಲಿ ಕಾಂಡೋಮ್ ಒಂದಕ್ಕೆ ಸುಮಾರು ೨೫ ಪೈಸೆ. ಅದು ಅನುಕೂಲಸ್ಥರ ಸರಕಾಗಿತ್ತು.

೧೯೬೪ರಲ್ಲಿ ಕಲ್ಕತ್ತದ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಯಲ್ಲಿದ್ದ ಕೆಲವರು, ಅವರಲ್ಲಿ ಪೀಟರ್ ಕಿಂಗ್ ಎಂಬವರೂ ಒಬ್ಬರು, ಒಂದು ಸಲಹೆಯನ್ನು ಮುಂದಿಟ್ಟರು. ಕಾಂಡೋಮನ್ನು ಸರ್ಕಾರ ಒಟ್ಟಾಗಿ ಕೊಳ್ಳಲಿ. ನಷ್ಟವನ್ನು ತಾನು ಹೊತ್ತು ಒಂದನ್ನು ೫ ಪೈಸೆಗೆ ಬಿಡಲಿ. ಅದನ್ನು ಹೊತ್ತುಕೊಂಡು ಹೋಗುವ ಕೆಲಸವನ್ನು ಸರ್ಕಾರದ ಜೀಪಿಗೆ ವಹಿಸದೆ, ಈಗಾಗಲೇ ಮೂಲೆಮೂಲೆಗೆ ಸರಕು ಮುಟ್ಟಿಸುತ್ತಿರುವ ಕಂಪನಿಗಳಿಗೆ ವಹಿಸಲಿ. ಅಂಗಡಿಯವನಿಗೂ ಒಂದಿಷ್ಟು ಕಾಸು ಉಳಿಯಲಿ. ಸಲಹೆಯ ಜಾಣ್ಮೆ ಇರುವುದು ಆ ಕಡೆಯ ಮಾತಿನಲ್ಲಿ. ಲಾಭವಿಲ್ಲದ ವಸ್ತುವನ್ನು ಅಂಗಡಿಯವನು ಹಿಂದಿನ ಅಟ್ಟಕ್ಕೆ ತಳ್ಳುತ್ತಾನೆ. ನಾಲ್ಕು ಕಾಸು ಉಳಿಯುವುದಾದರೆ ಅದು ಅವನ ನೆನಪಿನಲ್ಲಿರುತ್ತದೆ, ಮುಗಿದರೆ ಮತ್ತೆ ತರಿಸುತ್ತಾನೆ.

ಸರ್ಕಾರ ಒಪ್ಪಿತು. ಟೀ ಮಾರುವ ಬ್ರೂಕ್ ಬಾಂಡ್ ಮತ್ತು ಲಿಪ್ಟನ್, ಸಾಬೂನಿನ ಹಿಂದೂಸ್ತಾನ್ ಲೀವರ್ ಮತ್ತು ಟಾಟಾ ಆಯಿಲ್ ಮಿಲ್ಸ್, ಟಾರ್ಚಿನ ಸೆಲ್ಲು ಮಾಡುವ ಯೂನಿಯನ್ ಕಾರ್ಬೈಡ್, ಸಿಗರೇಟಿನ ಕಂಪನಿ, ಇವೆಲ್ಲ ಕೈಜೋಡಿಸಿದವು. ಮೊದಲು ಅಮೆರಿಕ, ಜಪಾನ್, ಕೊರಿಯಗಳಿಂದ ಸುಮಾರು ೪೦ ಕೋಟಿ ಕಾಂಡೋಮುಗಳನ್ನು ತರಿಸಿಕೊಳ್ಳಲಾಯಿತು. ಮೂರಕ್ಕೆ ೧೫ ಪೈಸೆ.

ಹೆಸರಿನ ವಿಷಯದಲ್ಲಿ ಒಂದು ತಮಾಷೆಯುಂಟು. ಮನ್ಮಥನ ನೆನಪಿನಿಂದ ‘ಕಾಮರಾಜ್’ ಎಂದು ಹೆಸರಿಡಬೇಕೆಂಬ ಯೋಚನೆ ಮೊದಲಿಗೆ ಇತ್ತಂತೆ. ಆಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರ ಹೆಸರೂ ಕಾಮರಾಜ್! ಯೋಚನೆ ಅಲ್ಲಿಗೇ ನಿಂತಿತು. ಸಂಸ್ಕೃತದ ನಿರೋಧ ಎಂಬ ಮಾತನ್ನು ಆರಿಸಿಕೊಂಡರು. ತಡೆ ಎಂದು ಅರ್ಥ. ದೇಶದ ಬಹುಪಾಲು ಭಾಷೆಗಳಿಗೆ ಒಗ್ಗುವ ಶಬ್ದ. ಹೆಸರು ಎಷ್ಟು ಬೇಗ ಊರೂರಿಗೆ ಹಬ್ಬಿತೆಂದರೆ ಕಾಂಡೋಮ್ ಎಂಬ ವಸ್ತುವಿಗೇ ನಿರೋಧ್ ಎಂದು ಕರೆಯುವುದು ರೂಢಿಯಾಗಿಬಿಟ್ಟಿತು. ಗೋಡೆಯ ಮೇಲಿನ ಕೆಂಪು ತ್ರಿಕೋಣವನ್ನು ನಿಮ್ಮಲ್ಲಿ ಹಿರಿಯರು ಮರೆತಿರಲಾರಿರಿ. ತಲೆಕೆಳಗಾದ ಆ ತ್ರಿಕೋಣ, ನಗುಮುಖದ ಅಪ್ಪ ಅಮ್ಮ ಮಕ್ಕಳು, ಇವನ್ನು ದೇಶದ ಗೋಡೆಗಳಿಗೆ ತಂದ ಕೀರ್ತಿ ದೀಪ್ ತ್ಯಾಗಿ ಎಂಬ ಅಧಿಕಾರಿಗೆ ಸಲ್ಲುತ್ತದೆ.

ದೇಶದಲ್ಲಿಯೇ ತಯಾರಿಸಲು ೧೯೬೬ರಲ್ಲಿ ಹಿಂದೂಸ್ತಾನ್ ಲ್ಯಾಟೆಕ್ಸ್ ಎಂಬ ಸರ್ಕಾರಿ ಕಂಪನಿ ಸ್ಥಾಪನೆಯಾಯಿತು. ತಿರುವನಂತಪುರದ ಪೇರೂರ್ಕಡದ ಅದರ ಕಾರ್ಖಾನೆ ಜಪಾನಿನ ಒಕಮೋಟೊ ಕಂಪನಿಯ ನೆರವಿನಿಂದ ೧೯೬೯ರಲ್ಲಿ ಕೆಲಸ ಆರಂಭಿಸಿತು. ಕೇರಳದಲ್ಲಿ ರಬ್ಬರಿನ ಹಾಲಿಗೆ ಬರವೆ? ಆಮೇಲೆ ನಮ್ಮ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿಯೂ ಅದೇ ಕಂಪನಿಯ ಕಾರ್ಖಾನೆ ಬಂತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬಡವರಿಗೆಂದೇ ಮಾಡಿದ ವಸ್ತುವಿಗೆ ಬೆಲೆಯೇಕೆ? ಸುಮ್ಮನೆ ಹಂಚಬಾರದೆ? ಆಸ್ಪತ್ರೆಗಳಲ್ಲಿ ಸುಮ್ಮನೆಯೂ ಹಂಚಿದರು, ಇಂದಿಗೂ ಹಂಚುತ್ತಾರೆ. ಆದರೆ ಧರ್ಮಕ್ಕೆ ಬಂದದ್ದು ಎಷ್ಟೋ ಕಡೆ ಹುಡುಗರ ಬಲೂನಾಯಿತು. ಹದಿನೈದು ಪೈಸೆ ಕೊಟ್ಟು ತಂದವನು ಅದನ್ನು ಮಕ್ಕಳ ಕೈಗೆ ಕೊಡುವುದಿಲ್ಲ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅಂಗಡಿಯಲ್ಲಿ ರಿಜಿಸ್ಟರು ಇಲ್ಲ. ನಿಮಗೆ ಮಕ್ಕಳೆಷ್ಟು ಎಂದು ಅಂಗಡಿಯವನು ಬರೆದುಕೊಳ್ಳುವುದಿಲ್ಲ. ದುಡ್ಡು ಕೊಟ್ಟಿರಿ, ಸಾಮಾನು ತೆಗೆದುಕೊಂಡಿರಿ, ಅಲ್ಲಿಗೆ ಮುಗಿಯಿತು. ಬೇಡವೆನಿಸಿದರೆ ನಾಳೆ ಕೊಳ್ಳುವುದಿಲ್ಲ. ಕೊಳ್ಳುವವನು ಇಲ್ಲಿ ಯಾರ ಹಂಗಿನಲ್ಲಿಯೂ ಇಲ್ಲ.

ಸರ್ಕಾರಕ್ಕೆ ಈ ಬಗೆಯ ನಿಧಾನ ಸಹನೆಯಾಗಲಿಲ್ಲ ಎಂಬುದು ದುಃಖದ ಮಾತು. ೧೯೬೭ರಲ್ಲಿ ಕುಟುಂಬ ಯೋಜನೆಯ ಸಚಿವರಾಗಿದ್ದ ಡಾಕ್ಟರ್ ಎಸ್. ಚಂದ್ರಶೇಖರ್ ಅವರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಟ್ರಾನ್ಸಿಸ್ಟರ್ ರೇಡಿಯೋ ಕೊಡುವ ಮಾತನ್ನಾಡಿದ್ದರು. ರೇಡಿಯೋ ಕೊಟ್ಟರೆ ಬೇಡವೆನ್ನುವವರು ಯಾರು, ಆದರೆ ಅದಕ್ಕೂ ಇದಕ್ಕೂ ಏನು ಸಂಬಂಧವೋ! ಆಸೆ ತೋರಿಸುವುದು ಮುಂದೆ ಬಲವಂತವಾಯಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ, ೧೯೭೬-೭೭ರ ಒಂದೇ ವರ್ಷದಲ್ಲಿ, ಎಂಬತ್ತು ಲಕ್ಷಕ್ಕೂ ಮೇಲ್ಪಟ್ಟು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಹೆಚ್ಚಿನವು ಗಂಡಸರಿಗೆ. ಎಷ್ಟೋ ಮಂದಿಯನ್ನು ಅವರ ಮನಸ್ಸಿಗೆ ವಿರುದ್ಧವಾಗಿ ಎಳೆದೊಯ್ದರು. ‘ಆಪರೇಷನ್’ ಎಂಬ ಮಾತಿಗೇ ಜನ ಹೆದರಿದರು. ಮರುವರ್ಷ ಸರ್ಕಾರ ಬದಲಾಗಿ, ಕುಟುಂಬ ಯೋಜನೆ ಎಂಬ ಹೆಸರು ಹೋಗಿ ಕುಟುಂಬ ಕಲ್ಯಾಣವೆಂದಾಯಿತು. ಗಂಡಸರು ಆ ಬಾಗಿಲಿನಿಂದ ಹಿಂದೆ ಸರಿದವರು ಮತ್ತೆ ಬರಲೇ ಇಲ್ಲ.

ಅಂಕಿಗಳನ್ನು ನೋಡಿ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು ೩೮ ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಂದಿರ ಶಸ್ತ್ರಚಿಕಿತ್ಸೆ ನೂರಕ್ಕೆ ಒಂದೂ ಇಲ್ಲ, ಸಾವಿರಕ್ಕೆ ಮೂರು. ಕಾಂಡೋಮ್ ಬಳಸುವ ದಂಪತಿಗಳು ನೂರಕ್ಕೆ ಒಂಬತ್ತೂವರೆ, ಮಾತ್ರೆ ನುಂಗುವವರು ಐದು. ನಮ್ಮ ಕರ್ನಾಟಕದಲ್ಲಿ ಶಸ್ತ್ರಚಿಕಿತ್ಸೆ ಆದ ಹೆಂಗಸರ ಪಾಲು ಇನ್ನೂ ಹೆಚ್ಚು, ನೂರಕ್ಕೆ ೫೭.

ಮಕ್ಕಳ ಸಂಖ್ಯೆ ಕಡಿಮೆಯಾಗಿಲ್ಲವೆ ಎಂದರೆ ಆಗಿದೆ. ಅದೇ ಸಮೀಕ್ಷೆ ಕರ್ನಾಟಕದ ತಾಯಿಗೆ ಸರಾಸರಿ ೧.೭ ಮಕ್ಕಳು ಎನ್ನುತ್ತದೆ. ಹಾಗಾದರೆ ಇನ್ನೇನು ತೊಂದರೆ? ತೊಂದರೆ ಇರುವುದು ಸಂಖ್ಯೆಯಲ್ಲಲ್ಲ, ನಡುವಿನ ಕಾಲದಲ್ಲಿ. ನಮ್ಮಲ್ಲಿ ಹುಡುಗಿಗೆ ಇಪ್ಪತ್ತು ಇಪ್ಪತ್ತೊಂದಕ್ಕೆ ಮದುವೆ, ವರ್ಷದೊಳಗೆ ಮಗು, ಅದು ನಡೆಯುವ ಹೊತ್ತಿಗೆ ಇನ್ನೊಂದು, ಆಮೇಲೆ ಆಪರೇಷನ್. ಇಪ್ಪತ್ತೈದಕ್ಕೆ ಎಲ್ಲವೂ ಮುಗಿದಿರುತ್ತದೆ. ಒಂದು ಹೆರಿಗೆಯಾದ ಮೇಲೆ ಕಡೆಯ ಪಕ್ಷ ಎರಡು ವರ್ಷವಾದರೂ ಬಿಟ್ಟು ಮುಂದಿನ ಗರ್ಭಕ್ಕೆ ಯೋಚಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡುತ್ತದೆ. ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಭಾರತದ ಹೆಂಗಸರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆ. ರಕ್ತವಿಲ್ಲದ ಮೈ ಎರಡು ವರ್ಷದಲ್ಲಿ ಎರಡು ಹೆರಿಗೆಯನ್ನು ಹೇಗೆ ತಡೆದೀತು? ಆಪರೇಷನ್ ಎಂಬುದು ಕಡೆಯ ಬಾಗಿಲು. ಮೊದಲ ಮಗುವಿಗೂ ಎರಡನೆಯದಕ್ಕೂ ನಡುವೆ ಬೇಕಾದ್ದು ಅದಲ್ಲ. ಅಲ್ಲಿ ಬೇಕಾದ್ದು ಅಂಗಡಿಯಲ್ಲಿ ಸಿಗುವ ವಸ್ತು.

ಸಿಗುತ್ತದೆಯೆ? ಇಂದಿನ ಪಟ್ಟಣದಲ್ಲಿ ಸಿಗದೆ ಏನು. ಕಾಂಡೋಮ್ ಮಾರುವುದಕ್ಕೆ ಔಷಧದ ಪರವಾನಗಿ ಬೇಕಿಲ್ಲ. ಬೀಡಾ ಅಂಗಡಿಯವನೂ ಇಡಬಹುದು. ‘ಮಾಲಾ-ಡಿ’ ಮಾತ್ರೆ ೧೯೮೭ರಿಂದ ಕಡಿಮೆ ಬೆಲೆಗೆ ಅಂಗಡಿಗೆ ಬಂತು. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾಲಯದವರು ಕಂಡುಹಿಡಿದ ‘ಸಹೇಲಿ’ ೧೯೯೧ರಲ್ಲಿ ಬಂತು. ಅದು ಹಾರ್ಮೋನಿನ ಮಾತ್ರೆಯಲ್ಲ, ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ವಾರಕ್ಕೊಂದು. ಇದನ್ನೇ ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಛಾಯಾ’ ಎಂಬ ಹೆಸರಿನಿಂದ ಕೊಡುತ್ತಾರೆ. ೨೦೧೧ರಲ್ಲಿ ಆರಂಭವಾದ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮೂರು ಕಾಂಡೋಮಿಗೆ ಒಂದು ರೂಪಾಯಿಯಂತೆ ಮನೆಬಾಗಿಲಿಗೇ ತಂದುಕೊಡತೊಡಗಿದರು.

ಆದರೆ ವಸ್ತು ಅಂಗಡಿಯಲ್ಲಿರುವುದು ಬೇರೆ, ಅದು ನಿಮ್ಮ ಕೈಗೆ ಬರುವುದು ಬೇರೆ. ಔಷಧದಂಗಡಿಯ ಮುಂದೆ ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ ಎನ್ನಿ. ಮುಂದಿನವರು ಹೋಗಲಿ ಎಂದು ಕಾಯುತ್ತಾಳೆ. ಅವರು ಹೋದರೆ ಹಿಂದೆ ಇನ್ನಿಬ್ಬರು ಬಂದು ನಿಲ್ಲುತ್ತಾರೆ. ಅಂಗಡಿಯ ಹುಡುಗ ‘ಏನು ಬೇಕಮ್ಮಾ?’ ಎಂದು ಗಟ್ಟಿಯಾಗಿ ಕೇಳುತ್ತಾನೆ. ಆಕೆ ತಲೆನೋವಿನ ಮಾತ್ರೆ ಕೊಂಡು ಮನೆಗೆ ಹೋಗುತ್ತಾಳೆ. ಗಂಡಸರ ಪಾಡೇನೂ ಇದಕ್ಕಿಂತ ಮೇಲಲ್ಲ. ಪರಿಚಯದ ಅಂಗಡಿ ಬಿಟ್ಟು ಇನ್ನೊಂದು ಬಡಾವಣೆಗೆ ಹೋಗಿ ಕೊಳ್ಳುವವರು ಎಷ್ಟೋ ಮಂದಿ. ಕೇಳಿದರೂ ಅಂಗಡಿಯವನು ಅದನ್ನು ಹಳೆಯ ಕಾಗದದಲ್ಲಿ ಸುತ್ತಿ, ಕಪ್ಪು ಚೀಲದಲ್ಲಿಟ್ಟು, ಕಳ್ಳಮಾಲಿನಂತೆ ಕೈಗೆ ತುರುಕುತ್ತಾನೆ. ಅದು ಮರ್ಯಾದೆಯ ರೀತಿಯೆಂದು ಅವನ ಭಾವನೆ. ನನಗೆ ಅದು ಸರಿಕಾಣುವುದಿಲ್ಲ. ಕಪ್ಪು ಚೀಲ ಕಂಡೊಡನೆ ಒಳಗೇನಿದೆ ಎಂದು ಬೀದಿಗೆಲ್ಲ ತಿಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಇದು ನಾಚಬೇಕಾದ ವಸ್ತು ಎಂಬ ಪಾಠವನ್ನು ಆ ಚೀಲ ದಿನವೂ ಕಲಿಸುತ್ತದೆ.

ನಿಮ್ಮಲ್ಲಿ ಅಂಗಡಿಯವರೂ ಇರಬಹುದು. ಅವರಲ್ಲಿ ನನ್ನ ಬಿನ್ನಹ ಇಷ್ಟು: ಪೊಟ್ಟಣಗಳನ್ನು ಗಿರಾಕಿಯ ಕೈಗೆ ಎಟಕುವ ಕಡೆ, ಬೆಲೆ ಕಾಣುವಂತೆ ಇಡಿ. ತಾನೇ ತೆಗೆದುಕೊಂಡು ದುಡ್ಡಿಟ್ಟು ಹೋಗುವಂತಿದ್ದರೆ ಮಾತೇ ಬೇಕಾಗಿಲ್ಲ. ‘ಮದುವೆಯಾಗಿದೆಯೆ?’ ಎಂದು ಕೇಳುವ ಅಧಿಕಾರ ನಿಮಗೆ ಯಾರೂ ಕೊಟ್ಟಿಲ್ಲ. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಮಾತ್ರ ಇಡಬೇಡಿ. ಶಾಖಕ್ಕೆ ರಬ್ಬರು ಕೆಡುತ್ತದೆ.

ತುರ್ತು ಮಾತ್ರೆಯ ವಿಷಯದಲ್ಲಿ ಗೊಂದಲ ಬಹಳ. ಲೆವೊನಾರ್ಜೆಸ್ಟ್ರೆಲ್ ಎಂಬ ಈ ಮಾತ್ರೆಯನ್ನು ೨೦೦೫ರಿಂದ ಡಾಕ್ಟರ ಚೀಟಿಯಿಲ್ಲದೆ ಮಾರಬಹುದು. ಎಚ್ಚರ ತಪ್ಪಿದಾಗ, ಸಾಧನ ಹರಿದಾಗ, ಬಲಾತ್ಕಾರ ನಡೆದಾಗ, ೭೨ ಗಂಟೆಯೊಳಗೆ ನುಂಗಬೇಕು. ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು. ಇದು ಅಂಡಾಣು ಹೊರಬರುವುದನ್ನು ತಡಮಾಡುತ್ತದೆ. ಆಗಲೇ ನಿಂತಿರುವ ಗರ್ಭವನ್ನು ಇದು ಕೀಳುವುದಿಲ್ಲ. ಗರ್ಭಪಾತದ ಮಾತ್ರೆಗಳು ಬೇರೆಯೇ. ಅವನ್ನು ಡಾಕ್ಟರ ಮೇಲ್ವಿಚಾರಣೆಯಿಲ್ಲದೆ ತೆಗೆದುಕೊಳ್ಳುವುದು ಅಪಾಯ. ಎರಡೂ ಒಂದೇ ಎಂದು ತಿಳಿದು ತುರ್ತು ಮಾತ್ರೆಯನ್ನೇ ಇಡಲೊಲ್ಲದ ಅಂಗಡಿಯವರಿದ್ದಾರೆ. ನೆರೆಯ ತಮಿಳುನಾಡಿನಲ್ಲಿ, ಕಾನೂನು ಮಾರಬಹುದೆಂದರೂ ಎಷ್ಟೋ ಔಷಧದಂಗಡಿಗಳಲ್ಲಿ ಅದು ಸಿಗುವುದಿಲ್ಲವೆಂಬ ದೂರು ವರ್ಷಗಳಿಂದ ಉಂಟು. ೭೨ ಗಂಟೆಯ ಲೆಕ್ಕದಲ್ಲಿ ನಾಲ್ಕು ಅಂಗಡಿ ಅಲೆಯುವುದೆಂದರೆ ಏನೆಂದು ನೀವೇ ಯೋಚಿಸಿ. ಹಾಗೆಂದು ಇದನ್ನೇ ತಿಂಗಳ ತಿಂಗಳೂ ನಂಬಿಕೊಂಡಿರುವುದೂ ತರವಲ್ಲ. ನಿತ್ಯದ ಕ್ರಮಗಳಷ್ಟು ಇದು ಭದ್ರವಲ್ಲ, ತಿಂಗಳ ಸರದಿಯೂ ಏರುಪೇರಾಗುತ್ತದೆ. ನುಂಗಿದ ಮೇಲೆ ಮುಟ್ಟು ಒಂದು ವಾರಕ್ಕೂ ಹೆಚ್ಚು ತಡವಾದರೆ ಪರೀಕ್ಷೆ ಮಾಡಿಸಿಕೊಳ್ಳಿ.

ಜಾಹೀರಾತಿನಿಂದಾದರೂ ಜನಕ್ಕೆ ತಿಳಿಯುವುದೆಂದರೆ ಅಲ್ಲಿಯೂ ತಡೆ. ಬೆಳಗಿನ ಆರರಿಂದ ರಾತ್ರಿ ಹತ್ತರವರೆಗೆ ಕಾಂಡೋಮಿನ ಜಾಹೀರಾತು ತೋರಿಸಬಾರದೆಂದು ೨೦೧೭ರ ಡಿಸೆಂಬರಿನಲ್ಲಿ ಕೇಂದ್ರದ ವಾರ್ತಾ ಇಲಾಖೆ ಟೆಲಿವಿಷನ್ನಿನವರಿಗೆ ಸೂಚನೆ ಕೊಟ್ಟಿತು. ಕೀಳು ಅಭಿರುಚಿಯ ಜಾಹೀರಾತುಗಳು ಇದ್ದುವೆಂಬುದೇನೋ ನಿಜ. ಆದರೆ ಕೆಂಪು ತ್ರಿಕೋಣದ ಕಾಲದಲ್ಲಿ ಇದೇ ವಿಷಯವನ್ನು ಹಾಡಹಗಲಿನಲ್ಲಿ, ಶಾಲೆಯ ಗೋಡೆಯ ಪಕ್ಕದಲ್ಲಿ, ಯಾರಿಗೂ ಮುಜುಗರವಾಗದಂತೆ ಬರೆಯಲು ನಮಗೆ ಬರುತ್ತಿತ್ತಲ್ಲ!

ಇನ್ನು ಮನೆಯಲ್ಲಿ ನೆನಪಿಡಬೇಕಾದ ಕೆಲವು ವಿಷಯ. ಕಾಂಡೋಮ್ ಕೊಳ್ಳುವಾಗ ಪೊಟ್ಟಣದ ಮೇಲಿನ ತಾರೀಖು ನೋಡಿ. ಕೊಬ್ಬರಿ ಎಣ್ಣೆ, ವ್ಯಾಸಲೀನುಗಳನ್ನು ಅದರ ಜೊತೆ ಬಳಸಬಾರದು. ಎಣ್ಣೆ ತಗುಲಿದರೆ ರಬ್ಬರು ಹರಿಯುತ್ತದೆ. ರೋಗಗಳು ಅಂಟದಂತೆ ತಡೆಯುವ ಗುಣ ಇರುವುದು ಇದೊಂದಕ್ಕೇ. ಮಾತ್ರೆಗೆ ಆ ಗುಣವಿಲ್ಲ. ನಿತ್ಯ ನುಂಗುವ ಹಾರ್ಮೋನಿನ ಮಾತ್ರೆಯನ್ನು ಆರಂಭಿಸುವ ಮೊದಲು ಒಮ್ಮೆ ಡಾಕ್ಟರನ್ನು ಕಾಣುವುದು ಲೇಸು. ರಕ್ತದೊತ್ತಡವುಳ್ಳವರು, ಮೂವತ್ತೈದು ದಾಟಿ ಹೊಗೆಸೊಪ್ಪಿನ ಚಟವಿರುವವರು, ಆರು ತಿಂಗಳೊಳಗಿನ ಮಗುವಿಗೆ ಹಾಲೂಡುವ ತಾಯಂದಿರು, ಇವರಿಗೆ ಅದು ಹೊಂದುವುದಿಲ್ಲ. ಹಾಲೂಡುವ ತಾಯಿಗೆ ಸಹೇಲಿ ಆಗಬಹುದು. ನಿತ್ಯದ ಮಾತ್ರೆ ಒಂದು ದಿನ ಮರೆತರೆ ನೆನಪಾದೊಡನೆ ನುಂಗಿ, ಮುಂದಿನದನ್ನು ಎಂದಿನ ಹೊತ್ತಿಗೇ ತೆಗೆದುಕೊಳ್ಳಿ. ಎರಡು ಮೂರು ದಿನ ಮರೆತಿದ್ದರೆ ಮಾತ್ರೆಯನ್ನು ಮುಂದುವರಿಸುತ್ತಲೇ ಏಳು ದಿನ ನಿರೋಧವನ್ನೂ ಬಳಸಬೇಕು. ಸಂದೇಹ ಬಂದರೆ ಔಷಧದಂಗಡಿಯಲ್ಲಿ ಫಾರ್ಮಸಿಸ್ಟ್ ಯಾರೆಂದು ಕೇಳಿ. ಅವನಿಲ್ಲದೆ ಔಷಧ ಕೊಡುವಂತಿಲ್ಲವೆಂದು ಕಾನೂನು ಹೇಳುತ್ತದೆ. ಆ ವಿದ್ಯೆಗಾಗಿ ಓದಿ ಬಂದವನು ಅವನೇ.